ಕುಸ್ಕೋದ ಕಲ್ಲು, ಬೇಗೂರಿನ ಕಲ್ಲು, ನಮ್ಮೂರಿನ ಕಲ್ಲು



ಈ ಸಲದ ಗೋಡೆಪತ್ರಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರಿ ಅಂತ ನಮ್ಮ ಸಮಾಜ ಮೇಷ್ಟ್ರು ಹೇಳಿದರು. ನಾನು ಮೂರು ಊರಿನ ಕಲ್ಲುಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಊರು ಸಮುದ್ರದಾಚೆ ಪೆರು ದೇಶದಲ್ಲಿದೆ. ಇನ್ನೊಂದು ನಮ್ಮ ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲೇ ಇದೆ. ಮೂರನೆಯದು ನಮ್ಮೂರೇ. ಕೊನೆಯಲ್ಲಿ ನಿಮ್ಮೆಲ್ಲರ ಹತ್ತಿರ ಒಂದು ಕೆಲಸವನ್ನೂ ಕೇಳಿದ್ದೇನೆ. ಆದ್ದರಿಂದ ದಯವಿಟ್ಟು ಪೂರ್ತಿ ಓದಿ.

1. ಎಲ್ಲಿಂದ ಶುರುವಾಯಿತು

ಒಂದು ದಿನ ಮೇಷ್ಟ್ರು ದಕ್ಷಿಣ ಅಮೆರಿಕದ ಪಾಠ ಮಾಡುವಾಗ ಕುಸ್ಕೋ ಎಂಬ ಪಟ್ಟಣದ ಚಿತ್ರ ತೋರಿಸಿದರು. ಅದು ಇಂಕಾ ಜನರ ರಾಜಧಾನಿಯಾಗಿತ್ತು. ಆಂಡೀಸ್ ಪರ್ವತಗಳ ನಡುವೆ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಾವೆಲ್ಲ ನೋಡಿರುವ ನಂದಿಬೆಟ್ಟದ ಎತ್ತರ 1,478 ಮೀಟರ್. ನಂದಿಬೆಟ್ಟದ ಮೇಲೆ ಇನ್ನೊಂದು ನಂದಿಬೆಟ್ಟ ಇಟ್ಟರೂ ಕುಸ್ಕೋದಷ್ಟು ಎತ್ತರ ಆಗುವುದಿಲ್ಲ! ಅಲ್ಲಿಗೆ ಹೊಸದಾಗಿ ಹೋದವರಿಗೆ ಗಾಳಿ ಸಾಲದೆ ತಲೆನೋವು, ಏದುಸಿರು ಬರುತ್ತದಂತೆ. ನೀರು ಸುಮಾರು 89 ಡಿಗ್ರಿಗೇ ಕುದಿದುಬಿಡುವುದರಿಂದ ಬೇಳೆ ಬೇಯೋದಕ್ಕೆ ಬಹಳ ಹೊತ್ತು ಬೇಕು.

ಆಗ ನಮ್ಮ ಹಿಂದಿನ ಬೆಂಚಿನ ಹುಡುಗ ಎದ್ದು, "ಸಾರ್, ನಮ್ಮ ಕಡೆ ಇಂಥದ್ದು ಯಾವ್ದೂ ಇಲ್ವಾ? ಬರೀ ಕಂಪನಿಗಳೇನಾ ಸಾರ್?" ಅಂತ ಕೇಳಿದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ನಾವು ಕೂತಿರೋದೂ ಎತ್ತರದ ಮೇಲೇನೇ ಕಣಯ್ಯ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ. ಇಲ್ಲೂ ಹಳೇ ಕೋಟೆ ಇದೆ, ಹಳೇ ಕಲ್ಲು ಇದೆ. ಶನಿವಾರ ಮಧ್ಯಾಹ್ನ ಬನ್ನಿ, ತೋರಿಸ್ತೀನಿ" ಅಂದರು.

2. ಮೊದಲು ಕುಸ್ಕೋದ ಕಲ್ಲು

ಬೇಗೂರಿಗೆ ಹೋಗುವ ಮುಂಚೆ ಮೇಷ್ಟ್ರು ನಮಗೆ ಕುಸ್ಕೋ ಬಗ್ಗೆ ಟಿಪ್ಪಣಿ ಬರೆಸಿದರು. ಅದರಲ್ಲಿ ಮುಖ್ಯವಾದದ್ದನ್ನು ಇಲ್ಲಿ ಕೊಡುತ್ತೇನೆ.

ಕುಸ್ಕೋ ಊರಿನ ಮೇಲುಗಡೆ ಗುಡ್ಡದಲ್ಲಿ ಸಕ್ಸಾಹುವಾಮನ್ ಎಂಬ ದೊಡ್ಡ ಕೋಟೆಯಂಥ ಕಟ್ಟಡದ ಅವಶೇಷಗಳಿವೆ. ಒಂದರ ಮೇಲೊಂದು ಮೂರು ಸಾಲು ಗೋಡೆ. ಗೋಡೆಗಳು ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿವೆ. ಅದರಲ್ಲಿ ಕೆಲವು ಕಲ್ಲು ನೂರು ಟನ್ನಿಗಿಂತಲೂ ಭಾರ. ಹತ್ತು ಟನ್ ಹೊರುವ ಲಾರಿ ಹತ್ತು ಬಂದರೂ ಅಂಥ ಒಂದು ಕಲ್ಲಿನ ತೂಕಕ್ಕೆ ಸಾಲದು. ಇಂಕಾ ಜನರಿಗೆ ಕಬ್ಬಿಣ ಗೊತ್ತಿರಲಿಲ್ಲ. ಗಾಡಿಯ ಚಕ್ರವನ್ನೂ ಅವರು ಬಳಸುತ್ತಿರಲಿಲ್ಲ. ಗಟ್ಟಿ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಆಕಾರ ಮಾಡಿ, ಹಗ್ಗ ಕಟ್ಟಿ ನೂರಾರು ಜನ ಎಳೆದು ತರುತ್ತಿದ್ದರು. ಗಾರೆ, ಸುಣ್ಣ ಏನೂ ಹಾಕದೆ ಒಂದು ಕಲ್ಲಿಗೆ ಇನ್ನೊಂದನ್ನು ಹೊಂದಿಸಿದ್ದಾರೆ.

1533ರಲ್ಲಿ ಸ್ಪೇನಿನವರು ಕುಸ್ಕೋ ಹಿಡಿದರು. 1536ರಲ್ಲಿ ಮಾಂಕೋ ಎಂಬ ಇಂಕಾ ರಾಜ ಊರನ್ನು ಮತ್ತೆ ಬಿಡಿಸಿಕೊಳ್ಳಲು ಮುತ್ತಿಗೆ ಹಾಕಿದ. ಸಕ್ಸಾಹುವಾಮನ್‌ನಲ್ಲೇ ಭಾರಿ ಯುದ್ಧ ನಡೆಯಿತು. ಆದರೆ ಇಂಕಾಗಳು ಗೆಲ್ಲಲಿಲ್ಲ. ಆಮೇಲೆ ಏನಾಯಿತು ಗೊತ್ತೇ? ಸ್ಪೇನಿನವರು ಆ ಕೋಟೆಯ ಕಲ್ಲುಗಳನ್ನೇ ಕಿತ್ತು ಸಾಗಿಸಿ ಊರಲ್ಲಿ ಚರ್ಚು, ಮನೆ ಕಟ್ಟಿಕೊಂಡರು. ಎತ್ತಲಾರದಷ್ಟು ದೊಡ್ಡ ಕಲ್ಲುಗಳು ಮಾತ್ರ ಅಲ್ಲೇ ಉಳಿದವು. ಸೂರ್ಯನ ಗುಡಿಯಾದ ಕೊರಿಕಾಂಚಾದ ಗೋಡೆಗಳ ಮೇಲೇ ಒಂದು ಕ್ರೈಸ್ತ ಮಠ ಎದ್ದಿತು. 1950ರಲ್ಲಿ ದೊಡ್ಡ ಭೂಕಂಪ ಆದಾಗ ಮೇಲಿನ ಮಠಕ್ಕೆ ಬಹಳ ಪೆಟ್ಟಾಯಿತು. ಕೆಳಗಿನ ಇಂಕಾ ಗೋಡೆ ಮಾತ್ರ ಹಾಗೇ ನಿಂತಿತ್ತು! 1983ರಲ್ಲಿ ಯುನೆಸ್ಕೋ ಸಂಸ್ಥೆ ಕುಸ್ಕೋವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಂಕಾ ಜನರಿಗೆ ನಮ್ಮ ಹಾಗೆ ಅಕ್ಷರ ಇರಲಿಲ್ಲ. ಲೆಕ್ಕವನ್ನು ದಾರದ ಗಂಟುಗಳಲ್ಲಿ ಇಡುತ್ತಿದ್ದರು. ಅದಕ್ಕೆ ಕಿಪು ಎಂದು ಹೆಸರು. ಹಾಗಾಗಿ ಅಷ್ಟು ದೊಡ್ಡ ಗೋಡೆಯ ಮೇಲೆ ಕಟ್ಟಿದವನ ಹೆಸರಿಲ್ಲ, ಸತ್ತವನ ಹೆಸರಿಲ್ಲ. ಕಲ್ಲು ದೊಡ್ಡದು, ಆದರೆ ಮಾತಾಡುವುದಿಲ್ಲ.

3. ಬೇಗೂರಿಗೆ ಹೊರಟೆವು

ಶನಿವಾರ ಮಧ್ಯಾಹ್ನ ನಾವು ಹನ್ನೊಂದು ಜನ ಮೇಷ್ಟ್ರ ಜೊತೆ ಹೊರಟೆವು. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿವರೆಗೆ ಒಂದು ಬಸ್ಸು, ಅಲ್ಲಿಂದ ಬೇಗೂರಿಗೆ ಇನ್ನೊಂದು ಬಸ್ಸು. ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಂದಾಗ ಮೇಷ್ಟ್ರು ಅದರ ಕಥೆಯನ್ನೂ ಹೇಳಿದರು. 1978ರಲ್ಲಿ ಕಿಯೋನಿಕ್ಸ್ ಎಂಬ ಸರ್ಕಾರಿ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ 332 ಎಕರೆ ಜಾಗದಲ್ಲಿ ಇದನ್ನು ಶುರುಮಾಡಿತಂತೆ. ಆರ್. ಕೆ. ಬಾಳಿಗಾ ಎಂಬುವರ ಕನಸು ಅದು. ಅದಕ್ಕೂ ಮುಂಚೆ ಇಲ್ಲೆಲ್ಲ ರಾಗಿ ಹೊಲ, ಕೆರೆ, ತೋಪು ಇತ್ತು ಅಂತ ನಮ್ಮ ಅಜ್ಜಿಯೂ ಹೇಳುತ್ತಿರುತ್ತಾರೆ.

ಈ ಕಡೆ ಇಷ್ಟೊಂದು ಕೆರೆ ಯಾಕೆ ಅಂತ ಬಸ್ಸಿನಲ್ಲೇ ಒಬ್ಬಳು ಕೇಳಿದಳು. ಉತ್ತರ ಎತ್ತರದಲ್ಲೇ ಇದೆ. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಕಡೆಗೆ ಹರಿದುಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದೊಡ್ಡ ನದಿ ಯಾವುದೂ ಊರೊಳಗೆ ಇಲ್ಲ. ಅದಕ್ಕೇ ಹಿಂದಿನವರು ಹರಿಯುವ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಬರುವ ಹಾಗೆ ಮಾಡಿದರು. ವೈಟ್‌ಫೀಲ್ಡ್ ಹತ್ತಿರ ಕಾಡುಗೋಡಿಯಲ್ಲಿ 1043ರ ಒಂದು ತಮಿಳು ಶಾಸನ ಇದೆ. ರಾಜೇಂದ್ರ ಚೋಳನ ಕಾಲದ್ದು. ಅದರಲ್ಲೂ ಕೆರೆ ಕಟ್ಟಿಸಿದ ಮಾತೇ ಇದೆ. ವೈಟ್‌ಫೀಲ್ಡ್ ಅನ್ನೋ ಊರು ಹುಟ್ಟಿದ್ದು 1882ರಲ್ಲಿ. ಕೆರೆ ಅದಕ್ಕಿಂತ ಎಂಟುನೂರು ವರ್ಷಕ್ಕೂ ಹಳೇದು!

4. ಬೇಗೂರಿನ ಕಲ್ಲು

ಬೇಗೂರಿನಲ್ಲಿ ಇಳಿದರೆ ಮೊದಲು ಕಾಣುವುದು ಪಂಚಲಿಂಗ ನಾಗೇಶ್ವರ ದೇವಸ್ಥಾನದ ಎತ್ತರದ ಗೋಪುರ. ಅದನ್ನು ನೋಡಿ "ಅಬ್ಬಾ, ಎಷ್ಟು ಹಳೇದು!" ಅಂತ ನಾನೇ ಉದ್ಗಾರ ತೆಗೆದೆ. ಮೇಷ್ಟ್ರು, "ಅದು ಈಚಿನದು ಕಣಮ್ಮ. ಹಳೇದು ಒಳಗಡೆ ಕುಳ್ಳಗೆ ಕೂತಿದೆ" ಅಂದರು. ನಿಜ. ಒಳಗೆ ಐದು ಶಿವನ ಗುಡಿಗಳಿವೆ. ಅದರಲ್ಲಿ ನಾಗೇಶ್ವರ, ನಗರೇಶ್ವರ ಎಂಬ ಎರಡು ಗುಡಿ ತಲಕಾಡಿನ ಗಂಗರ ಕಾಲದವು. ಉಳಿದವು ಆಮೇಲೆ ಚೋಳರ ಕಾಲದಲ್ಲಿ ಆದವು ಎನ್ನುತ್ತಾರೆ. ನಗರೇಶ್ವರ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ಕೆತ್ತನೆ ಇದೆ. ಕತ್ತು ನೋಯುವವರೆಗೂ ನೋಡಿದೆವು.

ಆದರೆ ನಾವು ಬಂದದ್ದು ಗುಡಿಗಿಂತ ಹೆಚ್ಚಾಗಿ ಒಂದು ಕಲ್ಲನ್ನು ನೋಡಲು. ಅದು ಈ ದೇವಸ್ಥಾನದ ಆವರಣದಲ್ಲೇ ಇದೆ. ಸುಮಾರು ಕ್ರಿ. ಶ. 890ರದ್ದು, ಹಳಗನ್ನಡ ಶಾಸನ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಆರ್. ನರಸಿಂಹಾಚಾರ್ಯರು ಇದನ್ನು ಕಂಡುಹಿಡಿದರು. ಇದರಲ್ಲಿ ಇರುವುದು ಕೆಲವೇ ಸಾಲು. ನಾಗತ್ತರ ಎಂಬಾತ ಗಂಗರ ಕೆಳಗೆ ಈ ಸೀಮೆಯ ಅಧಿಕಾರಿಯಾಗಿದ್ದ. ಬೆಂಗಳೂರಿನಲ್ಲಿ ಒಂದು ಕಾಳಗ ನಡೆಯಿತು. ಅದರಲ್ಲಿ ನಾಗತ್ತರನ ಮಗನೂ ಅವನ ಮನೆಯ ಆಳೊಬ್ಬನೂ ಸತ್ತರು. ಇಷ್ಟೇ ವಿಷಯ.

ಇಷ್ಟೇ ಆದರೂ ಇದು ಎಷ್ಟು ದೊಡ್ಡ ಮಾತು ನೋಡಿ! ಬೆಂಗಳೂರು ಎಂಬ ಹೆಸರು ಸಿಕ್ಕಿರುವ ಅತಿ ಹಳೆಯ ಬರಹ ಇದೇ. ವೀರಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು ಅಂತ ಹೆಸರು ಬಂತು ಅಂತ ನಾವೆಲ್ಲ ಕೇಳಿದ್ದೇವೆ. ಕಥೆ ಚೆನ್ನಾಗಿದೆ. ಆದರೆ ಆ ಹೊಯ್ಸಳ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಈ ಕಲ್ಲು ಅದಕ್ಕಿಂತ ಸುಮಾರು ಇನ್ನೂರ ಎಂಬತ್ತು ವರ್ಷ ಹಳೆಯದು. ಅಂದಮೇಲೆ ಹೆಸರು ರಾಜ ಕಾಳು ತಿನ್ನುವುದಕ್ಕೆ ಮೊದಲೇ ಇತ್ತು! ಕೆಂಪೇಗೌಡರು ಕೋಟೆ ಕಟ್ಟಿಸಿದ್ದು 1537ರಲ್ಲಿ. ಕುಸ್ಕೋದಲ್ಲಿ ಮಾಂಕೋ ರಾಜ ಮುತ್ತಿಗೆ ಹಾಕಿದ ಮರುವರ್ಷ. ಅಲ್ಲಿ ಒಂದು ಹಳೇ ಊರು ಬೀಳುತ್ತಿದ್ದಾಗ ಇಲ್ಲಿ ಒಂದು ಹೊಸ ಊರು ಏಳುತ್ತಿತ್ತು. ಆದರೆ ಹೆಸರು ಮಾತ್ರ ಹೊಸದಲ್ಲ, ಆರುನೂರು ವರ್ಷಕ್ಕೂ ಹೆಚ್ಚು ಹಳೆಯದು ಅಂತ ಈ ಕಲ್ಲು ಹೇಳುತ್ತದೆ.

ಬೇಗೂರಿನ ಇನ್ನೊಂದು ಪ್ರಸಿದ್ಧ ಕಲ್ಲು ಈಗ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದು ದೊಡ್ಡ ವೀರಗಲ್ಲು. ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳು ಎಲ್ಲ ಕೆತ್ತಿದ್ದಾರೆ. ನಾಗತ್ತರ ತುಂಬೆಪಾಡಿ ಎಂಬಲ್ಲಿ ಯುದ್ಧ ಮಾಡಿ ಸತ್ತ. ಆಮೇಲೆ ಎರೆಯಪ್ಪ ಎಂಬ ಗಂಗರ ಅರಸ ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕೊಟ್ಟ ಅಂತ ಅದರಲ್ಲಿದೆ. ಬೆಂಪೂರೇ ಈಗಿನ ಬೇಗೂರು.

ಗುಡಿ ನೋಡಿದ ಮೇಲೆ ಬೇಗೂರಿನ ಹಳೇ ಕೋಟೆ ಇದ್ದ ಜಾಗಕ್ಕೂ ಹೋದೆವು. ಹೆಚ್ಚೇನೂ ಉಳಿದಿಲ್ಲ. ಸುತ್ತ ಮನೆಗಳಾಗಿವೆ. ಸಕ್ಸಾಹುವಾಮನ್ ಚಿತ್ರ ನೋಡಿ ಬಂದ ಕಣ್ಣಿಗೆ ಇದು ಏನೂ ಅಲ್ಲ ಅನ್ನಿಸಿತು. ಹಿಂದಿನ ಬೆಂಚಿನ ಹುಡುಗ ಸಪ್ಪೆ ಮುಖ ಮಾಡಿದ. ಆಗ ಮೇಷ್ಟ್ರು ಹೇಳಿದ ಮಾತು ನನಗೆ ಇಡೀ ಪ್ರವಾಸದಲ್ಲಿ ಹಿಡಿಸಿತು. "ಅಲ್ಲಿ ನೂರು ಟನ್ ಕಲ್ಲಿದೆ, ಎಳೆದವನ ಹೆಸರು ಯಾರಿಗೂ ಗೊತ್ತಿಲ್ಲ. ಇಲ್ಲಿ ಒಬ್ಬ ಮನೆ ಆಳಿನ ಹೆಸರು ಸಾವಿರದ ನೂರು ವರ್ಷದಿಂದ ಕಲ್ಲಲ್ಲಿ ಕೂತಿದೆ. ನಮ್ಮ ಕಲ್ಲು ಚಿಕ್ಕದು, ಆದರೆ ಮಾತಾಡುತ್ತೆ. ಚಿಕ್ಕದಾದ್ದರಿಂದ ಯಾರು ಬೇಕಾದರೂ ಎತ್ತಿ ಬಿಸಾಕಬಹುದು. ಅದೇ ಕಷ್ಟ."

5. ನಮ್ಮೂರಿನ ಕಲ್ಲು

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹಿತ್ತಲಾಚೆ ಕೆರೆಗೆ ಹೋಗುವ ದಾರಿಯಲ್ಲಿ ಒಂದು ಒಗೆಯೋ ಕಲ್ಲು ಇದೆ. ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅದರ ಒಂದು ಅಂಚು ಮಣ್ಣಿನಿಂದ ಸ್ವಲ್ಪ ಮೇಲೆ ಎದ್ದಿದೆ. ಚಿಕ್ಕವಳಿದ್ದಾಗ ನಾನು ಅದರ ಅಡಿಗೆ ಕೈ ಹಾಕಿದರೆ ಬೆರಳಿಗೆ ಉಬ್ಬು ತಗ್ಗು ಸಿಗುತ್ತಿತ್ತು. ಚೇಳಿದ್ದೀತು ಅಂತ ಅಜ್ಜಿ ಬೈಯುತ್ತಿದ್ದರು.

ಬೆಳಗಾಗುತ್ತಲೇ ಅಜ್ಜಿಯನ್ನು ಕೇಳಿದೆ. "ಅಜ್ಜಿ, ಆ ಕಲ್ಲು ಎಲ್ಲಿಂದ ಬಂತು?"

"ಯಾವನಿಗೊತ್ತವ್ವ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ಲೇ ಅಲ್ಲಿತ್ತು. ಅದರ ಜೊತೆಗೆ ಇನ್ನೊಂದಿತ್ತು, ಕೆರೆ ಏರಿ ಮ್ಯಾಲೆ ನಿಂತಿತ್ತು. ವರ್ಷಕ್ಕೊಂದು ಸಲ ಅದಕ್ಕೆ ಎಣ್ಣೆ ಹಚ್ಚಿ ಹಣ್ಣುಕಾಯಿ ಮಾಡ್ತಿದ್ವಿ. ಲೇಔಟ್ ಮಾಡೋರು ಜೇಸಿಬಿ ತಂದ್ರಲ್ಲ, ಆವತ್ತಿಂದ ಕಾಣೆ."

"ಯಾರೂ ಕೇಳಲಿಲ್ವಾ ಅಜ್ಜಿ?"

"ಕಲ್ಲಿಗೆ ಯಾರು ಕೇಳ್ತಾರೆ ಮಗಾ?"

ಸೋಮವಾರ ಮೇಷ್ಟ್ರಿಗೆ ಹೇಳಿದೆ. ಸಂಜೆ ಅವರೂ ನಮ್ಮ ತರಗತಿಯವರೂ ಬಂದರು. ನಮ್ಮಪ್ಪ, ಚಿಕ್ಕಪ್ಪ, ಪಕ್ಕದ ಮನೆ ಅಣ್ಣಂದಿರು ಹಾರೆ ಕೊಟ್ಟು ಮೀಟಿ ಕಲ್ಲನ್ನು ನಿಧಾನವಾಗಿ ಮಗ್ಗುಲಿಗೆ ತಿರುಗಿಸಿದರು. ಅಡಿಯಲ್ಲಿ ಚೇಳು ಇರಲಿಲ್ಲ. ಮಣ್ಣು ತೊಳೆದಾಗ ಒಬ್ಬ ಮನುಷ್ಯ ಕಂಡ! ಕೈಯಲ್ಲಿ ಬಿಲ್ಲು. ಅವನ ಮೇಲೆ ಇಬ್ಬರು ಹೆಂಗಸರು ಅವನನ್ನೇ ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿ ಮುರಿದಿದೆ. ಚಿತ್ರಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳು! ಟಾರ್ಚನ್ನು ಓರೆಯಾಗಿ ಹಿಡಿದಾಗ ಮೇಷ್ಟ್ರಿಗೆ "ಸ್ವಸ್ತಿ ಶ್ರೀ" ಎಂಬಷ್ಟು ಓದಲು ಬಂತು. ಉಳಿದದ್ದು ಸವೆದಿದೆ. ಅಜ್ಜಿ ಸುಮ್ಮನೆ ನಿಂತು ನೋಡಿದರು. ಆಮೇಲೆ, "ಅಯ್ಯೋ ಶಿವನೇ, ಇಷ್ಟು ವರ್ಷ ಇವನ ಬೆನ್ನ ಮ್ಯಾಲೆ ಬಟ್ಟೆ ಕುಕ್ಕಿದ್ನಲ್ಲಾ" ಅಂದರು. ಯಾರೂ ನಗಲಿಲ್ಲ.

6. ಇಂಥ ಕಲ್ಲನ್ನು ಗುರುತಿಸುವುದು ಹೇಗೆ

ಮೇಷ್ಟ್ರು ಹೇಳಿಕೊಟ್ಟದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಅ) ವೀರಗಲ್ಲು: ಊರಿಗಾಗಿ, ದನಕರುಗಳಿಗಾಗಿ, ಒಡೆಯನಿಗಾಗಿ ಹೋರಾಡಿ ಸತ್ತವನ ನೆನಪಿನ ಕಲ್ಲು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಯುದ್ಧ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಆ) ಮಾಸ್ತಿಕಲ್ಲು: ಗಂಡನ ಜೊತೆ ಸಹಗಮನ ಮಾಡಿದ ಹೆಂಗಸಿನ ಕಲ್ಲು. ಬಳೆ ತೊಟ್ಟ ಒಂದು ಕೈ ಮೇಲಕ್ಕೆತ್ತಿದ ಹಾಗೆ ಇರುತ್ತದೆ. ಆ ಪದ್ಧತಿ ಈಗ ಇಲ್ಲ, ಇರಲೂಬಾರದು. ಆದರೆ ಆ ತಾಯಂದಿರನ್ನು ಮರೆಯಬಾರದು.

ಇ) ದಾನಶಾಸನ: ಭೂಮಿ, ಕೆರೆ, ಗುಡಿಗೆ ಬಿಟ್ಟ ದಾನದ ಬರಹ. ಮೇಲ್ಗಡೆ ಸೂರ್ಯಚಂದ್ರರ ಚಿತ್ರ ಇದ್ದರೆ, ಸೂರ್ಯಚಂದ್ರ ಇರುವವರೆಗೂ ಈ ದಾನ ನಡೆಯಲಿ ಎಂದು ಅರ್ಥ.

ಇಂಥ ಕಲ್ಲು ಸಿಕ್ಕರೆ ಮಾಡಬೇಕಾದದ್ದು: ಬರೀ ನೀರು ಮತ್ತು ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಅಕ್ಷರ ಚೆನ್ನಾಗಿ ಕಾಣುತ್ತದೆ. ಉದ್ದ, ಅಗಲ ಅಳೆದು ಬರೆದಿಡಿ. ಎಲ್ಲಿ ಸಿಕ್ಕಿತು ಅಂತ ಗುರುತು ಬರೆಯಿರಿ. ದೊಡ್ಡವರಿಗೂ ಪುರಾತತ್ವ ಇಲಾಖೆಯವರಿಗೂ ತಿಳಿಸಿ.

ಮಾಡಬಾರದ್ದು: ಆಸಿಡ್ ಹಾಕಬೇಡಿ. ಮೊಳೆ, ಉಳಿಯಿಂದ ಕೆರೆಯಬೇಡಿ. ಬಣ್ಣ ಬಳಿಯಬೇಡಿ. ಕೆಳಗೆ ನಿಧಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಧಿ ಆಸೆಗೆ ಒಡೆದ ಕಲ್ಲುಗಳು ಬಹಳ. ನಿಜವಾದ ನಿಧಿ ಆ ಅಕ್ಷರಗಳೇ.

7. ಆಗುತ್ತದೆಯೇ?

ನಮ್ಮಂಥ ಸಣ್ಣವರಿಂದ ಏನಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಮೇಷ್ಟ್ರು ಹೆಬ್ಬಾಳದ ಉದಾಹರಣೆ ಕೊಟ್ಟರು. ಕಿತ್ತಯ್ಯ ಎಂಬ ವೀರನ ಕಲ್ಲು ಅಲ್ಲಿದೆ. ಸುಮಾರು ಕ್ರಿ. ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಬೇಗೂರಿನ ಕಲ್ಲಿಗಿಂತಲೂ ಹಳೆಯದು. ಅದು ಗಮನಕ್ಕೆ ಬಂದದ್ದು 2018ರಲ್ಲಿ. ಆಸಕ್ತಿ ಇದ್ದ ಜನರೇ ದುಡ್ಡು ಸೇರಿಸಿ ಅದಕ್ಕೆ ಮಂಟಪ ಕಟ್ಟಿಸಿದರು. ಬಿ. ಎಲ್. ರೈಸ್ ಎಂಬುವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸೇರಿಸಿ 1905ರಲ್ಲೇ ಪುಸ್ತಕ ಮಾಡಿದ್ದರು. ಅದರಲ್ಲಿ ಹೆಸರಿರುವ ಎಷ್ಟೋ ಕಲ್ಲುಗಳು ಇವತ್ತು ಹುಡುಕಿದರೆ ಇಲ್ಲ. ರಸ್ತೆ ಅಡಿಗೋ, ಪಾಯದ ಅಡಿಗೋ ಹೋಗಿವೆ. 1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಈ ಭಾಗದ ಶಾಸನಗಳನ್ನು ಯಂತ್ರದಿಂದ ಅಳೆದು ಕಂಪ್ಯೂಟರಿನಲ್ಲಿ ಉಳಿಸುವ ಕೆಲಸ ಹಿಡಿದರು. ಸವೆದ ಅಕ್ಷರವನ್ನೂ ಅದರಲ್ಲಿ ಓದಬಹುದಂತೆ. ಅಂದರೆ ನಮ್ಮೂರ ಬಿಲ್ಲಿನವನ ಹೆಸರೂ ಸಿಗಬಹುದು!

8. ನಿಮ್ಮಲ್ಲಿ ನನ್ನ ಕೋರಿಕೆ

ಹಬ್ಬ ಕಳೆದ ಮೇಲೆ ಕೆರೆ ದಾರಿಯನ್ನು ಅಗಲ ಮಾಡುತ್ತಾರೆ. ಗುರುತಿನ ಕಲ್ಲು ಆಗಲೇ ನೆಟ್ಟಿದ್ದಾರೆ. ನಮ್ಮ ವೀರಗಲ್ಲು ಆ ಗುರುತಿನ ಒಳಗಡೆಯೇ ಬರುತ್ತದೆ. ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಆ ಕೆಸರಲ್ಲಿ ಸೈಕಲ್ ತಳ್ಳಿಕೊಂಡು ಬರುವವಳು ನಾನೇ. ಕಲ್ಲನ್ನು ಅಲ್ಲಿಂದ ತೆಗೆದು ನಮ್ಮ ಶಾಲೆಯ ಅಂಗಳದಲ್ಲೋ ಕೆರೆ ಏರಿಯ ಅರಳಿಕಟ್ಟೆಯ ಪಕ್ಕದಲ್ಲೋ ನೆಟ್ಟಗೆ ನಿಲ್ಲಿಸಬೇಕು, ಅಷ್ಟೇ.

ಅದಕ್ಕಾಗಿ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದಿದ್ದೇವೆ. ಈ ಗೋಡೆಪತ್ರಿಕೆಯ ಪಕ್ಕದಲ್ಲೇ ಅಂಟಿಸಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿ. ಅಜ್ಜಿ ಮೊದಲು, "ನಾನು ಬಟ್ಟೆ ಎಲ್ಲಿ ಒಗೀಲಿ?" ಅಂತ ಕೇಳಿದ್ದರು. ನಮ್ಮ ತರಗತಿಯ ಹುಡುಗರು ಒಂದು ಹೊಸ ಚಪ್ಪಡಿ ತಂದುಕೊಡುತ್ತೇವೆ ಅಂತ ಮಾತು ಕೊಟ್ಟಿದ್ದಾರೆ. ಈಗ ಅರ್ಜಿಯಲ್ಲಿ ಮೊದಲನೇ ಹೆಬ್ಬೆಟ್ಟು ಅಜ್ಜಿಯದೇ.

ನಿಮ್ಮ ಮನೆಯ ಒಗೆಯೋ ಕಲ್ಲು, ಬಾಗಿಲ ಮೆಟ್ಟಿಲು, ಕಾಲುವೆ ದಾಟುವ ಚಪ್ಪಡಿ ಇವನ್ನೂ ಈ ಭಾನುವಾರ ಒಮ್ಮೆ ನೋಡಿ. ಏನಾದರೂ ಕಂಡರೆ ಮೇಷ್ಟ್ರಿಗಾಗಲಿ ನನಗಾಗಲಿ ಹೇಳಿ. ಮುಂದಿನ ಸಂಚಿಕೆಯಲ್ಲಿ ನಮ್ಮೂರಿನ ಕಲ್ಲುಗಳ ಪಟ್ಟಿ ಹಾಕೋಣ.

ಕೊನೆಗೆ ನಾಲ್ಕು ಪ್ರಶ್ನೆ. ಉತ್ತರ ಈ ಲೇಖನದಲ್ಲೇ ಇದೆ:
1) ಕುಸ್ಕೋ ಪಟ್ಟಣ ಎಷ್ಟು ಮೀಟರ್ ಎತ್ತರದಲ್ಲಿದೆ?
2) ಬೆಂಗಳೂರು ಎಂಬ ಹೆಸರಿರುವ ಅತಿ ಹಳೆಯ ಶಾಸನ ಎಲ್ಲಿದೆ, ಯಾವ ಕಾಲದ್ದು?
3) ಬೆಂಗಳೂರಿನ ಸುತ್ತ ಇಷ್ಟೊಂದು ಕೆರೆಗಳನ್ನು ಯಾಕೆ ಕಟ್ಟಿದರು?
4) ವೀರಗಲ್ಲಿನ ಚಿತ್ರಗಳನ್ನು ಯಾವ ಕಡೆಯಿಂದ ಯಾವ ಕಡೆಗೆ ಓದಬೇಕು?

ತಪ್ಪಿದ್ದರೆ ತಿದ್ದಿ ಹೇಳಿ. ಇಲ್ಲಿಗೆ ನನ್ನ ಲೇಖನ ಮುಗಿಸುತ್ತೇನೆ. 

9ನೇ ತರಗತಿಯ ವಿದ್ಯಾರ್ಥಿನಿ